ಬಿಸಿಲು ನಮ್ಮೂರಿನದು, ಕೆಲಸ ಯಾರದು?

ಕೋಲ್ಕತ್ತಾದ ಸಾಲ್ಟ್ ಲೇಕ್ ಸೆಕ್ಟರ್ 5ರಲ್ಲಿ ನನ್ನ ಕಚೇರಿ. ಸೌರ ವಿದ್ಯುತ್ ಸ್ಥಾವರಗಳ ಮೇಲೆ ದೂರದಿಂದಲೇ ನಿಗಾ ಇಡುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಯಾವ ಇನ್ವರ್ಟರ್ ಎಷ್ಟು ವಿದ್ಯುತ್ ಕೊಡುತ್ತಿದೆ, ಯಾವ ಸಾಲಿನ ಫಲಕಗಳು ಹಿಂದೆ ಬಿದ್ದಿವೆ, ಎಲ್ಲಿ ದೂಳು ಕೂತಿದೆ ಎಂಬುದೆಲ್ಲ ನಮ್ಮ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಚೌಕಗಳಾಗಿ ಮೂಡುತ್ತದೆ. ಇಲ್ಲಿ ಮುಂಗಾರು ಮಳೆ ಸುರಿದು ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿರುವ ದಿನವೂ ನನ್ನ ಪರದೆಯಲ್ಲಿ ಎಲ್ಲೋ ಒಂದು ಕಡೆ ಚುರುಗುಟ್ಟುವ ಬಿಸಿಲಿರುತ್ತದೆ.

ಆ ಬಿಸಿಲಿನ ಪರಿಚಯ ನನಗೆ ಚೆನ್ನಾಗಿಯೇ ಇದೆ. ನಾನು ಹುಟ್ಟಿದ್ದು ಪಾವಗಡ ತಾಲ್ಲೂಕಿನಲ್ಲಿ. ಮಳೆ ನಂಬಿ ಶೇಂಗಾ ಬಿತ್ತಿ, ಕೈಗೆ ಬಂದಷ್ಟು ಕಿತ್ತುಕೊಂಡು, ಬರದ ವರ್ಷ ಬೆಂಗಳೂರಿನ ಬಸ್ಸು ಹತ್ತುವ ಊರು ನಮ್ಮದು. ಬಿಸಿಲನ್ನು ಶಾಪವೆಂದೇ ತಿಳಿದು ಬೆಳೆದ ನನಗೆ ಅದೇ ಬಿಸಿಲು ಸಂಬಳ ಕೊಡುತ್ತಿದೆ. ಆದರೆ ಸಂಬಳ ಬರುತ್ತಿರುವುದು ಊರಿನಿಂದ ಎರಡು ಸಾವಿರ ಕಿಲೊಮೀಟರ್ ದೂರದಲ್ಲಿ ಕೂತವನಿಗೆ. ಈ ವಿಚಿತ್ರವನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದವಳು ನನ್ನ ಚಿಕ್ಕಪ್ಪನ ಮಗಳು.

ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಮನೆಯ ಹಿತ್ತಿಲಿನಲ್ಲಿ ನಿಂತರೆ ಸೌರ ಫಲಕಗಳು ಕಾಣುತ್ತವೆ. ಸಹಜವಾಗಿಯೇ ಅಲ್ಲಿ ಕೆಲಸ ಸಿಗುತ್ತದೆ ಎಂದುಕೊಂಡಳು. ಕೇಳಿಕೊಂಡು ಹೋದಾಗ ಗುತ್ತಿಗೆದಾರನೊಬ್ಬ, ‘ಹೆಂಗಸರಿಗೆ ಹುಲ್ಲು ಕೀಳುವ ಕೆಲಸ, ಫಲಕ ತೊಳೆಯುವ ಕೆಲಸ ಇದೆ’ ಎಂದನಂತೆ. ತಂತ್ರಜ್ಞರ ತರಬೇತಿಗೆ ಅರ್ಜಿ ಹಾಕಿದಳು, ಆಯ್ಕೆಯೂ ಆಯಿತು. ತರಬೇತಿ ಕೇಂದ್ರವಿದ್ದದ್ದು ಬೇರೆ ಜಿಲ್ಲೆಯಲ್ಲಿ. ಅಲ್ಲಿ ಹುಡುಗರಿಗೆ ವಸತಿ ಇತ್ತು, ಹುಡುಗಿಯರಿಗೆ ಇರಲಿಲ್ಲ. ಚಿಕ್ಕಪ್ಪ ಬೇಡವೆಂದರು, ವಿಷಯ ಅಲ್ಲಿಗೇ ಮುಗಿಯಿತು. ಈಗ ಅವಳು ಪಟ್ಟಣದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾಳೆ. ಕಳೆದ ಸಲ ಊರಿಗೆ ಹೋದಾಗ ಕೇಳಿದಳು: ‘ಅಣ್ಣಾ, ನೀನು ಕಂಪ್ಯೂಟರಿನಲ್ಲಿ ನೋಡೋದು ಇದೇ ಫಲಕಾನಾ? ಇಲ್ಲೇ ಇರೋ ನನಗೆ ಮುಟ್ಟೋಕೆ ಬಿಡಲ್ಲ, ಅಲ್ಲಿರೋ ನಿನಗೆ ಹೇಗೆ ಬಿಟ್ಟರು?’

ನನ್ನ ಬಳಿ ಉತ್ತರ ಇರಲಿಲ್ಲ.

ಪಾವಗಡದ ಸೌರ ಪಾರ್ಕ್ ಸಣ್ಣದೇನಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಅದು. 2018ರ ಮಾರ್ಚ್‌ನಲ್ಲಿ ‘ಶಕ್ತಿ ಸ್ಥಳ’ ಎಂಬ ಹೆಸರಿನಲ್ಲಿ ಉದ್ಘಾಟನೆಯಾಯಿತು. ಸರ್ಕಾರ ಇಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. ರೈತರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ನಾಲ್ಕು ಎಕರೆ ಇದ್ದವನಿಗೆ ಮೊದಲ ವರ್ಷವೇ 84,000 ರೂಪಾಯಿ ಖಾತ್ರಿ. ಮಳೆ ಬರಲಿ ಬಿಡಲಿ, ಈ ದುಡ್ಡು ಬರುತ್ತದೆ. ಬರಗಾಲದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ, ಕೂಲಿ ಪಡೆಯುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಅವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ದಲಿತ ಕುಟುಂಬದವರು, ಅದರಲ್ಲೂ ಹೆಂಗಸರು. ಹೊಲ ಹೋದಾಗ ಕೂಲಿಯೂ ಹೋಯಿತು. ಅವರ ಪಾಲಿಗೆ ಪಾರ್ಕಿನಿಂದ ಏನಾದರೂ ಬರಬೇಕಾದರೆ ಅದು ಕೆಲಸದ ರೂಪದಲ್ಲೇ ಬರಬೇಕು. ಬಂದ ಕೆಲಸ ಎಂಥದ್ದು? ಹುಲ್ಲು ಕೀಳುವುದು, ಫಲಕ ತೊಳೆಯುವುದು, ಗೇಟು ಕಾಯುವುದು. ಗೇಟಿನ ಕೆಲಸ ಗಂಡಸರಿಗೆ.

‘ಹಸಿರು ಇಂಧನ ಲಕ್ಷಾಂತರ ಉದ್ಯೋಗ ಸೃಷ್ಟಿಸುತ್ತದೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಸುಳ್ಳಲ್ಲ. ಆದರೆ ಯಾವ ಬಗೆಯ ಹಸಿರು ಇಂಧನ, ಯಾರಿಗೆ ಉದ್ಯೋಗ ಎಂದು ಕೇಳಬೇಕು. ದೊಡ್ಡ ಸೌರ ಪಾರ್ಕಿನಲ್ಲಿ ಜನ ಬೇಕಾಗುವುದು ಕಟ್ಟುವಾಗ. ಕಟ್ಟಿ ಮುಗಿದ ಮೇಲೆ ಬೆರಳೆಣಿಕೆಯ ಎಂಜಿನಿಯರುಗಳು, ಒಂದಿಷ್ಟು ತಂತ್ರಜ್ಞರು ಸಾಕು. ಉಳಿದದ್ದನ್ನು ನನ್ನಂಥವರು ದೂರದಿಂದ ನೋಡಿಕೊಳ್ಳುತ್ತೇವೆ. ಸಿಇಇಡಬ್ಲ್ಯೂ ಮತ್ತು ಎನ್‌ಆರ್‌ಡಿಸಿ ಸಂಸ್ಥೆಗಳು 2017ರಲ್ಲಿ ಹಾಕಿದ ಲೆಕ್ಕದ ಪ್ರಕಾರ ನೆಲದ ಮೇಲಿನ ದೊಡ್ಡ ಸೌರ ಸ್ಥಾವರಕ್ಕೆ ಒಂದು ಮೆಗಾವಾಟ್‌ಗೆ ಬೇಕಾಗುವ ಜನ ಸುಮಾರು ಮೂರೂವರೆ. ಅದೇ ಒಂದು ಮೆಗಾವಾಟ್ ಅನ್ನು ಮನೆಗಳ ಚಾವಣಿಯ ಮೇಲೆ ಹಾಕಿದರೆ ಸುಮಾರು 25 ಜನ ಬೇಕು. ಕಾರಣ ಸರಳ. ಮನೆಗೆ ಮೂರು ಕಿಲೊವಾಟ್‌ನಂತೆ ಒಂದು ಮೆಗಾವಾಟ್ ಆಗಬೇಕಾದರೆ 330ಕ್ಕೂ ಹೆಚ್ಚು ಮನೆಗಳ ಚಾವಣಿ ಹತ್ತಬೇಕು, ಅಳತೆ ತೆಗೆಯಬೇಕು, ತಂತಿ ಎಳೆಯಬೇಕು, ಆಮೇಲೂ ಆಗಾಗ ಹೋಗಿ ನೋಡಬೇಕು.

ಇನ್ನು ಮಹಿಳೆಯರ ವಿಷಯ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆಯ 2019ರ ವರದಿಯಂತೆ ಜಗತ್ತಿನ ಈ ಕ್ಷೇತ್ರದಲ್ಲಿ ಮಹಿಳೆಯರ ಪಾಲು ಶೇ 32. ತೈಲ, ಅನಿಲ ಕ್ಷೇತ್ರದ ಶೇ 22ಕ್ಕೆ ಹೋಲಿಸಿದರೆ ಪರವಾಗಿಲ್ಲ ಅನ್ನಿಸುತ್ತದೆ. ಒಳಗೆ ಇಣುಕಿದರೆ ಆಡಳಿತದ ಕೆಲಸಗಳಲ್ಲಿ ಶೇ 45 ಇರುವವರು ವಿಜ್ಞಾನ, ತಂತ್ರಜ್ಞಾನದ ಹುದ್ದೆಗಳಲ್ಲಿ ಶೇ 28 ಮಾತ್ರ. ಭಾರತದ ಚಾವಣಿ ಸೌರ ಕಂಪನಿಗಳ ಬಗ್ಗೆ ಅದೇ ವರ್ಷ ನಡೆದ ಅಧ್ಯಯನದಲ್ಲಿ ಕಂಡ ಮಹಿಳೆಯರ ಪಾಲು ಸುಮಾರು ಶೇ 11. ನನ್ನ ತಂಗಿಯ ಕತೆ ಅವಳೊಬ್ಬಳದೇ ಅಲ್ಲ.

‘ಹೆಂಗಸರಿಗೆ ಆಗದ ಕೆಲಸ’ ಎನ್ನುವವರಿಗೆ ಬಂಗಾಳದ ಒಂದು ಚರಿತ್ರೆ ಹೇಳಬೇಕು. ಕೋಲ್ಕತ್ತಾ ಕಲ್ಲಿದ್ದಲಿನ ರಾಜಧಾನಿ. ಕೋಲ್ ಇಂಡಿಯಾದ ಪ್ರಧಾನ ಕಚೇರಿ ಇಲ್ಲಿಯೇ ಇದೆ. ದೇಶದಲ್ಲಿ ವಾಣಿಜ್ಯ ಉದ್ದೇಶದ ಗಣಿಗಾರಿಕೆ ಮೊದಲಾದದ್ದು ಇದೇ ರಾಜ್ಯದ ರಾಣಿಗಂಜ್‌ನಲ್ಲಿ, 1774ರಲ್ಲಿ. ಆ ಗಣಿಗಳಲ್ಲಿ ಸಂತಾಲ, ಬಾವುರಿ ಸಮುದಾಯಗಳ ಗಂಡ ಹೆಂಡಿರು ಜೊತೆಯಾಗಿಯೇ ನೆಲದಡಿಗೆ ಇಳಿಯುತ್ತಿದ್ದರು. ಗಂಡ ಕಲ್ಲಿದ್ದಲು ಕಡಿದರೆ ಹೆಂಡತಿ ಬುಟ್ಟಿಯಲ್ಲಿ ಹೊರುತ್ತಿದ್ದಳು. 1929ರ ನಿಯಮ ಹತ್ತು ವರ್ಷಗಳಲ್ಲಿ ಮಹಿಳೆಯರನ್ನು ನೆಲದಡಿಯ ಕೆಲಸದಿಂದ ಹಂತ ಹಂತವಾಗಿ ಹೊರಗೆ ಕಳಿಸಿತು. ಎರಡನೇ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಕೊರತೆ ಬಂದಾಗ 1943ರಲ್ಲಿ ನಿಷೇಧ ಸಡಿಲಿಸಿ ಅವರನ್ನೇ ಮತ್ತೆ ಕೆಳಗಿಳಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ನಿಷೇಧ. ಕೊನೆಗೆ 2019ರಲ್ಲಿ ಷರತ್ತುಗಳೊಂದಿಗೆ ಮತ್ತೆ ಅನುಮತಿ. ಆ ಕತ್ತಲ ಗಣಿಯ ಕೆಲಸ ಸುಖದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ರಕ್ಷಣೆಯ ಉದ್ದೇಶವೂ ಆ ನಿಯಮದ ಹಿಂದೆ ಇತ್ತು. ಆದರೆ ಹೊರಗೆ ಬಂದವರಿಗೆ ಬೇರೆ ಕೌಶಲ ಕಲಿಸುವ ಏರ್ಪಾಡನ್ನು ಜೊತೆಗೇ ಮಾಡದೆ ಬಾಗಿಲು ಮಾತ್ರ ಹಾಕಿದರೆ ರಕ್ಷಣೆಯೂ ಹೊರಗಟ್ಟುವಿಕೆಯೇ ಆಗುತ್ತದೆ. ಮಹಿಳೆಯರಿಗೆ ‘ಆಗುವ’ ಮತ್ತು ‘ಆಗದ’ ಕೆಲಸದ ಗೆರೆ ಪ್ರಕೃತಿ ಎಳೆದದ್ದಲ್ಲ, ಬೇಕಾದಾಗ ಅಳಿಸಿ ಬೇಕಾದಾಗ ಎಳೆದದ್ದು ಎಂಬುದಂತೂ ಇದರಿಂದ ಸ್ಪಷ್ಟ.

ಸೌರ ವಿದ್ಯುತ್ತಿನಲ್ಲಿ ಆ ಗೆರೆ ಇನ್ನೂ ಹಸಿಯಾಗಿದೆ. ಗಟ್ಟಿಯಾಗುವ ಮೊದಲೇ ಅಳಿಸಬೇಕು.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಸ್ಥಾವರದ ಸಿಬ್ಬಂದಿಗಾಗಿ ಒಂದು ಮೊಬೈಲ್ ಆ್ಯಪ್ ಬರೆದೆವು. ದೋಷ ಕಂಡರೆ ದೂರು ದಾಖಲಿಸುವ ಆ್ಯಪ್. ಭಾಷೆ ಇಂಗ್ಲಿಷ್. ಲಾಗಿನ್ ಕೊಟ್ಟದ್ದು ಎಂಜಿನಿಯರು, ತಂತ್ರಜ್ಞರಿಗೆ ಮಾತ್ರ. ಫಲಕ ತೊಳೆಯುವವರಿಗೂ ಕೊಡಬಹುದು ಎಂಬುದು ನನ್ನನ್ನೂ ಸೇರಿ ಯಾರಿಗೂ ಹೊಳೆಯಲಿಲ್ಲ. ಊರಿನಲ್ಲಿ ಆ ಕೆಲಸ ಮಾಡುವ ಹೆಂಗಸೊಬ್ಬರ ಜೊತೆ ಮಾತಾಡಿದಾಗ ಗೊತ್ತಾಯಿತು: ಗಾಜು ಎಲ್ಲಿ ಬಿರುಕು ಬಿಟ್ಟಿದೆ, ಯಾವ ಫಲಕದಲ್ಲಿ ಕಂದು ಮಚ್ಚೆ ಮೂಡಿದೆ, ಎಲ್ಲಿ ತಂತಿಯನ್ನು ಇಲಿ ಕಡಿದಿದೆ ಎಂಬುದೆಲ್ಲ ಅವರಿಗೆ ಗೊತ್ತು. ಪ್ರತಿಯೊಂದು ಫಲಕವನ್ನೂ ಕಣ್ಣಾರೆ ನೋಡುವವರು ಅವರೊಬ್ಬರೇ. ನಮ್ಮ ಪರದೆಯಲ್ಲಿ ಚೌಕ ಕೆಂಪಾಗುವ ಹೊತ್ತಿಗೆ ಅವರು ಅದನ್ನು ಎಷ್ಟೋ ದಿನ ಮೊದಲೇ ನೋಡಿರುತ್ತಾರೆ. ‘ಯಾರಿಗೆ ಹೇಳಲಿ? ಯಾರೂ ಕೇಳಲ್ಲ’ ಎಂದರು. ಆ ಕೆಲಸವನ್ನು ‘ಕೌಶಲವಿಲ್ಲದ ಕೆಲಸ’ ಎಂದು ಬರೆದಿಟ್ಟವರು ನಾವು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲನೆಯದು, ತರಬೇತಿ ಊರಿಗೆ ಬರಬೇಕು. ಕೇಂದ್ರ ಸರ್ಕಾರದ ‘ಸೂರ್ಯಮಿತ್ರ’ ಯೋಜನೆ 2015ರಿಂದ ಇದೆ. 600 ಗಂಟೆಗಳ ಉಚಿತ ಕೋರ್ಸ್, ಐಟಿಐ ಅಥವಾ ಡಿಪ್ಲೊಮಾ ಆದವರಿಗೆ. ಯೋಜನೆ ಒಳ್ಳೆಯದೇ. ಆದರೆ ಯಾವುದೇ ತರಬೇತಿ ಹೆಣ್ಣುಮಕ್ಕಳಿಗೆ ಸಿಗಬೇಕಾದರೆ ಒಂದೋ ಸುರಕ್ಷಿತ ವಸತಿ ಇರಬೇಕು, ಇಲ್ಲವೇ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರವಿರಬೇಕು. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ತಾಲ್ಲೂಕು ಕೇಂದ್ರದ ಐಟಿಐ, ಪಾಲಿಟೆಕ್ನಿಕ್‌ನಲ್ಲಿಯೇ ಸೌರ ತರಬೇತಿ ನಡೆದರೆ ಅರ್ಧ ಸಮಸ್ಯೆ ಬಸ್ಸಿನಲ್ಲೇ ಬಗೆಹರಿಯುತ್ತದೆ. ಶಕ್ತಿ ಬಸ್ಸಿನಲ್ಲಿ ಶಕ್ತಿ ಸ್ಥಳಕ್ಕೆ ಹೋಗಿ ಕಲಿಯುವುದಕ್ಕಿಂತ ಸುಲಭದ ದಾರಿ ಯಾವುದಿದೆ?

ಎರಡನೆಯದು, ಕನ್ನಡದಲ್ಲಿ ಕಲಿಸಬೇಕು. ಡಿಸಿ, ಎಸಿ, ಇನ್ವರ್ಟರ್, ಅರ್ಥಿಂಗ್ ಎಂಬ ಪದಗಳು ಹಾಗೆಯೇ ಇರಲಿ, ನಮ್ಮ ಎಲೆಕ್ಟ್ರಿಷಿಯನ್‌ಗಳು ದಿನವೂ ಬಳಸುತ್ತಾರೆ. ವಿವರಣೆ ಮಾತ್ರ ಕನ್ನಡದಲ್ಲಿರಲಿ. ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜು ಓದು ಬರಹ ಬಾರದ ಹಳ್ಳಿ ಹೆಂಗಸರಿಗೆ, ಆಫ್ರಿಕಾದಿಂದ ಬಂದ ಅಜ್ಜಿಯರಿಗೂ, ಬಣ್ಣ ಮತ್ತು ಸನ್ನೆಗಳ ಮೂಲಕ ಆರು ತಿಂಗಳಲ್ಲಿ ಸೌರ ದೀಪ ಜೋಡಿಸಿ ದುರಸ್ತಿ ಮಾಡಲು ಕಲಿಸಿದೆ. ಅಲ್ಲಿ ಆಗುವುದು ಪಾವಗಡದಲ್ಲಿ ಆಗುವುದಿಲ್ಲವೇ?

ಮೂರನೆಯದು, ಕಲಿತವರಿಗೆ ಬಾಗಿಲು ತೆರೆಯಬೇಕು. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸೌರ ಕಂಪನಿಗಳು ಈ ಸ್ಥಾನಗಳನ್ನು ಮೊದಲು ಜಮೀನು ಕೊಟ್ಟ ಹಳ್ಳಿಗಳ, ಅದರಲ್ಲೂ ಭೂಮಿಯಿಲ್ಲದ ಮನೆಗಳ ಮಕ್ಕಳಿಗೆ ಕೊಡಲಿ. ಮುಂದೆ ಹೊಸ ಪಾರ್ಕ್‌ಗಳಿಗೆ ಟೆಂಡರ್ ಕರೆಯುವಾಗ ಸರ್ಕಾರ ಇದನ್ನು ಷರತ್ತಾಗಿಯೇ ಬರೆಯಲಿ.

ದೊಡ್ಡ ಪಾರ್ಕಿನಲ್ಲಿ ಇರುವುದೇ ಕೆಲವು ಹುದ್ದೆ, ಎಲ್ಲರಿಗೂ ಎಲ್ಲಿಂದ ತರುವುದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಚಾವಣಿಯ ಕಡೆ ನೋಡಬೇಕು. ಒಂದು ಕೋಟಿ ಮನೆಗಳ ಚಾವಣಿಗೆ ಸೌರ ಫಲಕ ಹಾಕುವ ‘ಪಿಎಂ ಸೂರ್ಯಘರ್’ ಯೋಜನೆ 2024ರ ಫೆಬ್ರುವರಿಯಲ್ಲಿ ಆರಂಭವಾಯಿತು. ಈ ಕೆಲಸ ಊರೂರಿಗೂ ಬರುತ್ತದೆ. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವವರು ಹೆಚ್ಚಾಗಿ ಹೆಂಗಸರು. ಬಾಗಿಲು ಬಡಿದವಳು ಹೆಣ್ಣು ತಂತ್ರಜ್ಞೆಯಾದರೆ ಅವರು ಸಂಕೋಚವಿಲ್ಲದೆ ಒಳಗೆ ಕರೆಯುತ್ತಾರೆ. ಹಳ್ಳಿಯ ಸೌರ ದೀಪಕ್ಕೆ ಹಳ್ಳಿಯ ಸಮೀಪವೇ ದುರಸ್ತಿ ಮಾಡುವವರಿರಬೇಕು ಎಂಬ ಪಾಠವನ್ನು 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ನಮಗೆ ಆಗಲೇ ಕಲಿಸಿದೆ. ಅದರ ಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆಪಟ್ಟವರು ಪಾಠವನ್ನೂ ನೆನಪಿಡಬೇಕು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಅದೇ ವರ್ಷ ಕೋಲ್ಕತ್ತಾದಲ್ಲಿ ವಿದ್ಯುತ್ ಟ್ರಾಮ್ ಓಡಿತು. ನಾವು ಮೊದಲಿಗರು ಎಂದು ಹೇಳಿಕೊಳ್ಳಲು ನಮಗೆ ಇಷ್ಟ. ಆದರೆ ಶಿವನಸಮುದ್ರದ ತಂತಿ ಹಾದುಹೋದ ದಾರಿಯ ಹಳ್ಳಿಗಳು ಅದಾದ ಮೇಲೂ ದಶಕಗಳ ಕಾಲ ಸೀಮೆಎಣ್ಣೆ ದೀಪದಲ್ಲೇ ಇದ್ದವು. ಪಾವಗಡದ ವಿಷಯದಲ್ಲಿ ಇದು ಮತ್ತೆ ಆಗಬಾರದು.

ಹೊರನಾಡಿನಲ್ಲಿರುವ ಕನ್ನಡಿಗರಲ್ಲಿ ಇಂಧನ ಕ್ಷೇತ್ರದವರು ಬಹಳ ಮಂದಿ ಇದ್ದೀರಿ. ಪುಣೆ, ಚೆನ್ನೈ, ಗುರುಗ್ರಾಮ, ಅಬುಧಾಬಿ, ಎಲ್ಲೇ ಇರಿ, ನೇಮಕಾತಿಯ ಸಭೆಯಲ್ಲಿ ಕೂತಾಗ ಒಂದು ಹೆಸರು ಸೇರಿಸುವ ಅವಕಾಶ ನಿಮಗಿರುತ್ತದೆ. ರಜೆಗೆ ಊರಿಗೆ ಹೋದಾಗ ಪಾಲಿಟೆಕ್ನಿಕ್‌ನಲ್ಲಿ ಎರಡು ಗಂಟೆ ಪಾಠ ಮಾಡಬಹುದು. ನಾನೂ ನನ್ನ ಪಾಲಿನ ಸಣ್ಣ ಕೆಲಸ ಶುರು ಮಾಡಿದ್ದೇನೆ. ನಮ್ಮ ಆ್ಯಪ್‌ಗೆ ಕನ್ನಡ ಸೇರಿಸಲು, ಫಲಕ ತೊಳೆಯುವವರೂ ಫೋಟೊ ತೆಗೆದು ದೂರು ಕಳಿಸುವಂತೆ ಮಾಡಲು ಕಚೇರಿಯಲ್ಲಿ ಪ್ರಸ್ತಾವ ಇಟ್ಟಿದ್ದೇನೆ. ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಕನ್ನಡದ ಪದಪಟ್ಟಿಯನ್ನಂತೂ ಭಾನುವಾರಗಳಲ್ಲಿ ಕೂತು ಮುಗಿಸಿದ್ದೇನೆ. ತಪ್ಪು ತಿದ್ದಿಕೊಟ್ಟವಳು ಚಿಕ್ಕಪ್ಪನ ಮಗಳು. ‘ಹಾಟ್‌ಸ್ಪಾಟ್’ ಎಂಬುದಕ್ಕೆ ನಾನು ಏನೋ ದೊಡ್ಡ ಸಂಸ್ಕೃತ ಪದ ಬರೆದಿದ್ದೆ. ಅವಳು ಅದನ್ನು ಹೊಡೆದುಹಾಕಿ ‘ಸುಟ್ಟ ಮಚ್ಚೆ’ ಎಂದು ಬರೆದಳು.

ಆ ಕೆಲಸ ಅವಳಿಗೆ ಗೊತ್ತು. ಅದನ್ನು ಮಾಡಲು ಬಿಡಬೇಕಷ್ಟೆ.