ಕುಂಬಾರನಿಗೆ ಹೆಸರು ಕೊಟ್ಟೆವು, ತೊರೆ?

ಕಪ್ಪೆಯೊಂದಕ್ಕೆ ವಿಜ್ಞಾನದಲ್ಲಿ ಕನ್ನಡದ ಹೆಸರು ಸಿಕ್ಕಿತೆಂದು ನಾವೆಲ್ಲ ಹಿಗ್ಗಿದ್ದೆವು. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ಪರಿಚಯಿಸಿದ ಕುಂಬಾರ ಕಪ್ಪೆ ಅದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಮಲೆಕಾಡಿನ ತೊರೆಗಳೇ ಅದರ ಮನೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ತೊರೆಯ ಕೆಸರನ್ನು ಮುಂಗಾಲಲ್ಲಿ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೇ ಕುಂಬಾರ.

ಹಿಗ್ಗಿದ್ದು ಸಾಕು. ಕೆಸರಿಲ್ಲದೆ ಕುಂಬಾರನಿಲ್ಲ, ತೊರೆಯಿಲ್ಲದೆ ಕೆಸರಿಲ್ಲ.

'ಒಂದು ಕಪ್ಪೆಗಾಗಿ ರಸ್ತೆ, ಕರೆಂಟು ಬೇಡವೇ?' ಎಂದು ಕೇಳುವವರಿದ್ದಾರೆ. ಪ್ರಶ್ನೆಯೇ ಮೋಸದ್ದು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನೀರು ಕೆಟ್ಟರೆ ಪೆಟ್ಟು ಮೊದಲು ಅದಕ್ಕೆ, ಆಮೇಲೆ ಅದೇ ತೊರೆ ನಂಬಿದ ಕೆಳಗಿನ ಅಡಿಕೆ ತೋಟಕ್ಕೆ, ಬಾವಿಗೆ. ಕಪ್ಪೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಎಂದು ತಕ್ಕಡಿ ಹಿಡಿಯುವವರು ಇಬ್ಬರೂ ಒಂದೇ ತಟ್ಟೆಯಲ್ಲಿರುವುದನ್ನು ಮುಚ್ಚಿಡುತ್ತಾರೆ.

'ಕಡಿದಷ್ಟು ಮರ ಬೇರೆಡೆ ನೆಡುತ್ತೇವೆ' ಎಂಬುದು ಎರಡನೆಯ ಮೋಸ. ಅಕೇಶಿಯಾ ನೆಟ್ಟರೆ ನೆಡುತೋಪಾದೀತು. ಬೇರುಗಳು ಮಂಡಿಯೂರಿ ಕೆಸರಿನಿಂದ ಮೇಲೇಳುವ ರಾಮಪತ್ರೆ ಜಡ್ಡಿಯನ್ನು ಯಾವ ನರ್ಸರಿಯೂ ಬೆಳೆಸಿಕೊಡದು.

ಮಳೆಗಾಲ ಬಂದರೆ ಕಪ್ಪೆಯ ವಟವಟವನ್ನು ಪದ್ಯಕ್ಕೆ ತರುವ ನಾವು ಇಷ್ಟಾದರೂ ಕೇಳಬೇಕು: ಮಲೆನಾಡಿನ ತೊರೆಗಳನ್ನು ಮುಟ್ಟುವ ಯಾವ ಯೋಜನೆಯೇ ಆಗಲಿ, ಮಳೆಗಾಲದ ರಾತ್ರಿಗಳಲ್ಲಿ ಸಮೀಕ್ಷೆ ನಡೆಸದೆ ಬರೆದ ಪರಿಸರ ವರದಿಯನ್ನು ಒಪ್ಪಬಾರದು. ಬೇಸಗೆಯ ಹಗಲಲ್ಲಿ ಜೀಪಿನಿಂದಿಳಿದು ನೋಡಿದವರಿಗೆ ಕಪ್ಪೆ ಕಾಣಲಿಲ್ಲವೆಂದರೆ, ಅದು ಕಪ್ಪೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅವರು ಹುಡುಕಲಿಲ್ಲ ಎಂಬುದಕ್ಕೆ ಸಾಕ್ಷಿ.