ಅಧ್ಯಾಪಕರೂ ಮುಕ್ತ ಭಂಡಾರವೂ

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆಗೆ ಹಣ ಒದಗುವುದು ಬಹುಮಟ್ಟಿಗೆ ಪ್ರಜೆಗಳ ತೆರಿಗೆಯಿಂದ. ಅದರ ಫಲವನ್ನು ಲೇಖನವಾಗಿಸಿ ವಿದ್ವತ್ಪತ್ರಿಕೆಗೆ ಕೊಡುವ ಅಧ್ಯಾಪಕರಿಗೆ ಸಂಭಾವನೆ ದೊರೆಯುವುದಿಲ್ಲ. ಹೀಗಿದ್ದೂ ಅದೇ ಲೇಖನವನ್ನು ಓದಬಯಸುವವರು ಅನೇಕ ವೇಳೆ ಎರಡು ಮೂರು ಸಾವಿರ ರೂಪಾಯಿಗಳನ್ನು ತೆರಬೇಕು. 2025ರಿಂದ ಮೂರು ವರ್ಷಗಳ ಅವಧಿಗೆ 6000 ಕೋಟಿ ರೂಪಾಯಿಗಳನ್ನು ಮೀಸಲಿಟ್ಟು, ಕೇಂದ್ರ ಸರ್ಕಾರವೇ ಸಾವಿರಾರು ಪತ್ರಿಕೆಗಳಿಗೆ ಚಂದಾ ಕಟ್ಟುವ ಯೋಜನೆಯನ್ನು ಕೈಗೊಂಡಿತು. ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಇದರಿಂದ ಉಪಕಾರವಾಯಿತು, ನಿಜ. ಆದರೆ ನಮ್ಮವರ ಬರಹವನ್ನು ನಾವೇ ಹಣ ತೆತ್ತು ಓದುವುದು ಎಷ್ಟರ ಮಟ್ಟಿನ ವಿವೇಕ?

ಸುಲಭವಾದ ದಾರಿಯೊಂದುಂಟು. ಪ್ರತಿಯೊಂದು ಸಂಸ್ಥೆಯೂ ಇಂಟರ್ನೆಟ್ಟಿನಲ್ಲಿ ತನ್ನದೊಂದು ಲೇಖನಭಂಡಾರವನ್ನು ತೆರೆಯುವುದು. ಅಧ್ಯಾಪಕರು ತಮ್ಮ ಲೇಖನಗಳ ಪ್ರತಿಯನ್ನು ಅಲ್ಲಿರಿಸುವುದು. ಬೇಕಾದವರು ಪುಕ್ಕಟೆಯಾಗಿ ಓದುವುದು. ಭಾರತದಲ್ಲಿ ಇಂಥ ಮೊದಲ ಭಂಡಾರವು 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಯಿತು.

ಅಧ್ಯಾಪಕರನ್ನು ಕೇಳಿ ನೋಡಿ: ಇದು ಉತ್ತಮವಾದ ವಿಚಾರವೆಂದು ಒಪ್ಪದವರು ಕಡಮೆ. ತಾವಾಗಿಯೇ ಲೇಖನವನ್ನು ತಂದಿರಿಸುವವರೂ ಕಡಮೆಯೇ! ಕೃತಿಸ್ವಾಮ್ಯದ ಭಂಗವಾದೀತೆಂದು ಕೆಲವರು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವು ಅಲ್ಪ. ಅಚ್ಚಾದ ಪುಟಗಳನ್ನಲ್ಲದಿದ್ದರೂ, ತಜ್ಞರ ಪರಿಶೀಲನೆಯನ್ನು ದಾಟಿ ಅಂಗೀಕೃತವಾದ ಹಸ್ತಪ್ರತಿಯನ್ನು ಭಂಡಾರದಲ್ಲಿರಿಸಲು ಅನೇಕ ಪ್ರಕಾಶಕರು ಅನುಮತಿಯನ್ನೀಯುತ್ತಾರೆ; ಕೆಲವರು ಒಂದೆರಡು ವರ್ಷ ತಾಳಬೇಕೆನ್ನುತ್ತಾರೆ, ಅಷ್ಟೆ. ಪತ್ರಿಕೆಗಳಿಗೆ ಕುತ್ತು ಬಂದೀತೆಂಬ ಮಾತೂ ನಿಲ್ಲುವುದಿಲ್ಲ. ಭೌತವಿಜ್ಞಾನಿಗಳು 1991ರಿಂದ 'ಆರ್ಕೈವ್' ಎಂಬ ಭಂಡಾರದಲ್ಲಿ, ಅಚ್ಚಾಗುವ ಮುನ್ನವೇ, ತಮ್ಮ ಲೇಖನಗಳನ್ನು ಇರಿಸುತ್ತ ಬಂದಿದ್ದಾರೆ. ಭೌತವಿಜ್ಞಾನದ ಪತ್ರಿಕೆಗಳು ಇಂದಿಗೂ ನಡೆಯುತ್ತಿವೆ.

ನನಗೆ ತೋರುವಂತೆ ನಿಜವಾದ ಕಾರಣವು ಉದಾಸೀನ. ಪಿಎಚ್.ಡಿ. ಪ್ರಬಂಧದ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ವಿಧಿಸಿತು. 'ಶೋಧಗಂಗಾ' ಭಂಡಾರದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳು ಬಂದು ಸೇರಿದುವು. ಶಿಷ್ಯನಿಗೆ ಕಡ್ಡಾಯ, ಗುರುವಿಗೆ ಐಚ್ಛಿಕ! ಗುರುಗಳಿಗೂ ನಿಯಮವು ಇಲ್ಲದಿಲ್ಲ. ಕೇಂದ್ರದ ಎರಡು ವಿಜ್ಞಾನ ಇಲಾಖೆಗಳು ತಮ್ಮ ನೆರವು ಪಡೆದವರಿಗೆ 2014ರಲ್ಲಿಯೇ ಇದನ್ನು ವಿಧಿಸಿದುವು. ಆದರೆ ಅದನ್ನು ಪಾಲಿಸದವರ ಬಡ್ತಿಯೇನೂ ನಿಲ್ಲುವುದಿಲ್ಲ. ಬೆಲ್ಜಿಯಮ್ಮಿನ ಲೀಯೇಜ್ ವಿಶ್ವವಿದ್ಯಾನಿಲಯವು ಇದೇ ಮರ್ಮವನ್ನು ಹಿಡಿಯಿತು: ಬಡ್ತಿಯ ಸಮಯದಲ್ಲಿ ಭಂಡಾರದಲ್ಲಿರುವ ಲೇಖನಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಲಾಗುವುದೆಂದು ಸಾರಿತು. ಅಲ್ಲಿನ ಭಂಡಾರವು ಬೇಗನೆ ತುಂಬಿತು. ನಮ್ಮ ವಿಶ್ವವಿದ್ಯಾನಿಲಯಗಳೂ ಹಾಗೆಯೇ ಮಾಡಲೆಂಬುದು ನನ್ನ ಅಭಿಮತ. ನನ್ನ ವೃತ್ತಿಬಾಂಧವರಿಗೆ ಇದು ರುಚಿಸದಿರಬಹುದು.

ಅಲ್ಲಿಯವರೆಗೆ, ವಿದ್ಯಾರ್ಥಿ ಮಿತ್ರರೆ, ಬೇಕಾದ ಲೇಖನವು ಸಿಕ್ಕದಿದ್ದಲ್ಲಿ ಅದರ ಲೇಖಕರಿಗೇ ವಿನಯದಿಂದ ಬರೆದು ಪ್ರತಿಯನ್ನು ಬೇಡಿರಿ. ಭಂಡಾರದಲ್ಲಿ ಅದೇಕೆ ಇಲ್ಲವೆಂದೂ ಕೇಳಿರಿ.