ಎಷ್ಟು ನಾಯಿ ಎಂಬುದಲ್ಲ, ಹೊಣೆ ಯಾರದು ಎಂಬುದೇ ಪ್ರಶ್ನೆ

ನಾಯಿ ಸಾಕುವುದು ಅವರವರ ಇಷ್ಟ. ಆದರೆ ಅದು ಗೇಟು ದಾಟಿ ಬೀದಿಗೆ ಬಂದರೆ ಊರಿನ ವಿಷಯವಾಗುತ್ತದೆ. ಒಂದೇ ಮನೆಯಲ್ಲಿ ನಾಲ್ಕೈದು ನಾಯಿಗಳಿದ್ದರೆ, ಆ ದಾರಿಯಲ್ಲಿ ಶಾಲೆಗೆ ಹೋಗುವ ಮಗುವಿಗೆ, ಪತ್ರಿಕೆ ಹಾಕುವ ಹುಡುಗನಿಗೆ, ಮನೆಗೆಲಸದ ಹೆಂಗಸಿಗೆ ದಿನವೂ ಭಯ. 'ಏನೂ ಮಾಡುವುದಿಲ್ಲ, ಬನ್ನಿ' ಎಂಬ ಒಡೆಯನ ಮಾತೊಂದೇ ಅವರಿಗಿರುವ ರಕ್ಷಣೆ. ಕಚ್ಚಿದ ಮೇಲೆ ಅದೇ ಒಡೆಯ, 'ನೀವು ಓಡಿದ್ದು ಯಾಕೆ?' ಎಂದು ಕೇಳುತ್ತಾನೆ!

ನಮ್ಮ ಆಡಳಿತಕ್ಕೆ ಇದಕ್ಕೆ ಹೊಳೆಯುವ ಪರಿಹಾರಗಳೋ ಬಲು ಸುಲಭದವು. 2018ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಫ್ಲಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂದು ನಿಯಮ ಮಾಡಲು ಹೊರಟಿತು. ವಿರೋಧ ಬಂದೊಡನೆ ಅದು ಮೂಲೆಗೆ ಸರಿಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 'ಅಪಾಯಕಾರಿ' ಎಂದು 23 ತಳಿಗಳನ್ನು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತನ್ನೇ ಕೇಳಿಲ್ಲವೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಒಮ್ಮೆ ಸಂಖ್ಯೆ, ಇನ್ನೊಮ್ಮೆ ತಳಿ. ಒಡೆಯನ ಮಾತು ಮಾತ್ರ ಮುಂದೆ ಬರಲೇ ಇಲ್ಲ.

ಹಾಗಾದರೆ ಕಾನೂನು ಇಲ್ಲವೇ? ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ನಿರ್ಲಕ್ಷ್ಯವೇ ಅಪರಾಧ, ಕಚ್ಚುವವರೆಗೆ ಕಾಯಬೇಕೆಂದು ಆ ಕಲಮು ಹೇಳುವುದಿಲ್ಲ. ಸಾಕುಪ್ರಾಣಿಯ ಲಸಿಕೆಯೂ ಸಂತಾನಹರಣವೂ ಒಡೆಯನದೇ ಜವಾಬ್ದಾರಿ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಐದು ನಾಯಿ ಸಾಕಿದವನಿಗೆ ಈ ಹೊಣೆ ಐದು ಪಟ್ಟು. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಹೀಗಿರುವಾಗ ಲಸಿಕೆ ಹಾಕಿಸದಿರುವುದನ್ನು ಬರೀ ಮರೆವು ಎನ್ನಲಾದೀತೇ?

ಪ್ರಾಣಿಪ್ರಿಯರು ನಮ್ಮ ಮೇಲೆ ಸಿಟ್ಟಾಗುವುದು ಬೇಡ. ಫ್ಲಾಟಿನಲ್ಲಿ ನಾಯಿಯೇ ಕೂಡದೆಂದು ಫರ್ಮಾನು ಹೊರಡಿಸುವ ಸಂಘಗಳ ಪರ ನಾವಿಲ್ಲ. ಆದರೆ ಕಾವಲಿಗೆಂದು ಮೂರು ನಾಯಿ ತಂದು ಹಗಲಿಡೀ ಸರಪಳಿಯಲ್ಲಿ ಬಿಗಿದಿಡುವುದು ಯಾವ ಪ್ರೀತಿ? ಸದಾ ಕಟ್ಟಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದೂ, ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡವೆಷ್ಟು ಗೊತ್ತೇ? 10ರಿಂದ 50 ರೂಪಾಯಿ! ಈ ದುಡ್ಡಿಗೆ ಇಂದು ಒಂದು ಕಿಲೋ ಕೋಳಿಮಾಂಸವೂ ಬಾರದು. ಮುದಿಯಾದ ನಾಯಿಯನ್ನೂ ಬೇಡದ ಮರಿಗಳನ್ನೂ ರಾತ್ರೋರಾತ್ರಿ ಮಾರುಕಟ್ಟೆಯ ಬಳಿ ಬಿಟ್ಟುಬರುವವನಿಗೆ ಇದಕ್ಕಿಂತ ಅಗ್ಗದ ದಾರಿ ಇನ್ನೇನಿದೆ? ಬಂಗಲೆಯವನು ಕೈಬಿಟ್ಟ ನಾಯಿ ಕೊನೆಗೆ ಸೇರುವುದು ಬಡವರ ಕೇರಿಗೆ. ಕಚ್ಚಿಸಿಕೊಂಡ ಕೂಲಿಯವನು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ದಿನದ ಸಂಬಳ ಕಳೆದುಕೊಳ್ಳುತ್ತಾನೆ. ಬೀದಿನಾಯಿಗಳ ಬಗ್ಗೆ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೆ ವಾದ ನಡೆಯಿತು. ಅವುಗಳಲ್ಲಿ ಕೆಲವನ್ನಾದರೂ ಬೀದಿಗೆ ತಂದುಬಿಟ್ಟ ಒಡೆಯರನ್ನು ಹುಡುಕಿದವರು ಯಾರು?

ನಾವು ಕೇಳುವುದು ಇಷ್ಟೇ. ಪ್ರತಿ ನಾಯಿಗೂ ಒಡೆಯನ ಹೆಸರಿನಲ್ಲಿ ನೋಂದಣಿ, ಗುರುತಿನ ಚಿಪ್, ವರ್ಷವರ್ಷ ಲಸಿಕೆಯ ದಾಖಲೆ ಇರಲಿ. ನಾಯಿ ಹೆಚ್ಚಿದಂತೆ ಶುಲ್ಕವೂ ಹೆಚ್ಚಲಿ. ಕಚ್ಚಿಸಿಕೊಂಡವನ ಚಿಕಿತ್ಸೆಯ ಜೊತೆಗೆ ಕಳೆದುಹೋದ ಕೂಲಿಯನ್ನೂ ಒಡೆಯನೇ ಕೊಡಲಿ. ಬೀದಿಗೆ ಬಿಟ್ಟವನಿಗೆ ಬಿಸಿ ಮುಟ್ಟುವಂಥ ದಂಡ ಬೀಳಲಿ. ಆಮೇಲೆ ಯಾರು ಹತ್ತು ನಾಯಿ ಸಾಕಿದರೂ ನಮ್ಮ ತಕರಾರಿಲ್ಲ. ಹತ್ತರ ಹೊಣೆ ಹೊರಲಾಗದವನು ಒಂದನ್ನೇ ಸಾಕಲಿ, ಒಂದರ ಹೊಣೆಯೂ ಆಗದವನು ಸಾಕದಿರಲಿ.